ಆರಿದ್ರಾ ಮಳೆಯೂ ನನ್ನ ಸಿಲಬಸ್ಸೂ

ಅಡಿಕೆ ಕೊಯ್ಲಿನ ಸಮಯದಲ್ಲಿ ಶಿರಸಿ ಕಡೆಯ ಊರಿನಲ್ಲಿ ಆಕಾಶ ತೋರಿಸೋದು ಸುಲಭ. ರಾತ್ರಿ ಅಡಿಕೆ ಸುಲಿಯೋಕೆ ಹೇಗೂ ಜನ ಸೇರಿರುತ್ತಾರೆ. ಜನವರಿಯಲ್ಲಿ ಮೋಡದ ಕಾಟವೂ ಇಲ್ಲ. ಅಂಗಳದಲ್ಲಿ ದೂರದರ್ಶಕ ಇಟ್ಟರೆ ಸಾಕು, ಮಕ್ಕಳು ಚಂದ್ರನ ಕುಳಿ ನೋಡೋಕೆ ಸಾಲು ನಿಲ್ಲುತ್ತಾರೆ.

ದೊಡ್ಡವರಿಗೆ ಅದೆಲ್ಲ ಅಷ್ಟಕ್ಕಷ್ಟೇ. ಅವರು ಕೇಳೋದೇ ಬೇರೆ. "ತಂಗಿ, ಆರಿದ್ರಾ ನಕ್ಷತ್ರ ಎಲ್ಲಿದ್ದು?" ಅಂದರು ಪಕ್ಕದ ಮನೆಯ ಅಜ್ಜಿ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲಿನ ಕೆಂಪು ಚುಕ್ಕೆ ತೋರಿಸಿದೆ. "ಮಳೆಗಾಲದ್ದು ಈಗ್ಯಾಕೆ ಕಾಣಿಸ್ತು?"

ಎಂಎಸ್ಸಿ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಅಪರೂಪ. ಅಲ್ಲಿ ಜಾಸ್ತಿ ಕೇಳಿಬರೋದು "ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಅಂತ.

ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಅಂತ ನಾವು ಮಳೆ ಎಣಿಸೋದು ಸೂರ್ಯ ಎಲ್ಲಿದ್ದಾನೆ ಅನ್ನೋದರ ಮೇಲೆ. ಅವನ ದಾರಿಯನ್ನು 27 ಪಾಲು ಮಾಡಿದರೆ ಒಂದೊಂದಕ್ಕೆ ಸುಮಾರು 13.5 ದಿನ. ಜೂನ್ 22ರ ಹೊತ್ತಿಗೆ ಆರಿದ್ರಾ ಪಾಲು ಶುರು. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ. ಮೋಡ ಇಲ್ಲದಿದ್ದರೂ ಕಾಣಲ್ಲ. ಜನವರಿಯ ಹೊತ್ತಿಗೆ ಸೂರ್ಯ ಎದುರು ಬದಿಗೆ ಹೋಗಿರುತ್ತಾನೆ, ಅದಕ್ಕೇ ರಾತ್ರಿ ಕಾಣುತ್ತದೆ. ಅಜ್ಜಿಗೆ ಲಾಟೀನನ್ನು ಸೂರ್ಯ ಮಾಡಿ, ಅಡಿಕೆ ಇಟ್ಟು ತೋರಿಸಿದೆ. ತಕ್ಷಣ ಹೊಳೆಯಿತು.

"ಈಗ ಮಳೆ ನಕ್ಷತ್ರಕ್ಕೆ ಸರಿಯಾಗಿ ಬರಲ್ಲ, ನಕ್ಷತ್ರವೇ ಜಾರಿದೆಯೇನೋ" ಅಂದರು ಇನ್ನೊಬ್ಬರು. ಜಾರುವುದು ನಿಜ. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ನಕ್ಷತ್ರದ ಲೆಕ್ಕ ಋತುವಿಗಿಂತ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಆರನೇ ಶತಮಾನದ ಖಗೋಳಜ್ಞ ವರಾಹಮಿಹಿರನ ಕಾಲದಿಂದ ಈಚೆಗೆ ಮೂರು ವಾರ ಆಯಿತು. ಆದರೆ ಒಬ್ಬರ ಆಯುಷ್ಯದಲ್ಲಿ ಒಂದೇ ದಿನ! ಮಳೆ ಕೈಕೊಟ್ಟಿದ್ದಕ್ಕೆ ಅದರ ಮೇಲೆ ತಪ್ಪು ಹೊರಿಸೋ ಹಾಗಿಲ್ಲ.

ಈಗ ಸೆಮಿಸ್ಟರಿನ ಮೊದಲ ತರಗತಿಗೇ ಈ ಮಳೆ ಲೆಕ್ಕ ತರುತ್ತೇನೆ. ಸೈನು ಕೊಸೈನು ಆಮೇಲೆ. ಸೂತ್ರ ಬಾಯಿಪಾಠ ಬರುವ ಹುಡುಗರೂ ಸೂರ್ಯ ಇವತ್ತು ಯಾವ ನಕ್ಷತ್ರದಲ್ಲಿದ್ದಾನೆ ಅಂದರೆ ಮೊದಲು ಮೊಬೈಲ್ ತೆಗೆಯುತ್ತಾರೆ.

ಕಳೆದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ. ಆರಿದ್ರಾ ಮಳೆಯಲ್ಲಿ ಆರಿದ್ರಾ ಕಾಣಲ್ಲ. ಆದರೆ ಅಕ್ಟೋಬರ್ ಕೊನೆಯ ಸ್ವಾತಿ ಮಳೆಯಲ್ಲಿ, ಮೋಡ ಬಿಟ್ಟರೆ, ಸಂಜೆ ಪಶ್ಚಿಮದಲ್ಲಿ ಸ್ವಾತಿ ಸ್ವಲ್ಪ ಹೊತ್ತು ಕಾಣುತ್ತದೆ. ಯಾಕೆ? ಸ್ವಾತಿ ಸೂರ್ಯನ ದಾರಿಗಿಂತ ಸುಮಾರು 31 ಡಿಗ್ರಿ ಉತ್ತರಕ್ಕಿದೆ, ಹಾಗಾಗಿ ಅವನ ನಂತರ ಮುಳುಗುತ್ತದೆ. ಸಹೋದ್ಯೋಗಿಯೊಬ್ಬರು ಇದು ಸಿಲಬಸ್ಸಿನಲ್ಲೇ ಇಲ್ಲ ಅಂದರು. ಗೋಳದ ಮೇಲಿನ ನಿರ್ದೇಶಾಂಕ (ಆಕಾಶದಲ್ಲಿ ಚುಕ್ಕೆಯ ಜಾಗ ಹೇಳುವ ಲೆಕ್ಕ) ಅಂತ ಮೊದಲ ಘಟಕದಲ್ಲಿ ಬರೆದಿರೋದು ಮತ್ತೇನು, ಇದೇ ಅಲ್ವಾ?