ಅದೇ ಹಡಗು, ಬೇರೆ ಮಾತು

ಜೂನ್ ತಿಂಗಳ ಮಳೆ. ಮೀನುಗಾರಿಕೆಗೆ ರಜೆ, ಕಾರವಾರದ ಬೈತಖೋಲದಲ್ಲಿ ಬೋಟುಗಳೆಲ್ಲ ದಡ ಸೇರಿವೆ. ಇಂಥ ಒಂದು ರಾತ್ರಿ, ಕಿಟಕಿಯವರೆಗೂ ಸಮುದ್ರದ ಸದ್ದು ಬರುತ್ತಿರುವಾಗ, ಹಡಗು ಮುಳುಗುವ ಸಿನಿಮಾ ನೋಡಿದೆ. 1929ರ ‘ಅಟ್ಲಾಂಟಿಕ್’. ಪೂರ್ತಿ ಜರ್ಮನ್ ಮಾತಿರುವ ಮೊದಲ ಸಿನಿಮಾ ಅಂತ ಇದನ್ನೇ ಹೇಳುತ್ತಾರೆ. ಆದರೆ ತೆಗೆದದ್ದು ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ!

ನನಗೆ ತಕ್ಷಣ ನೆನಪಾದದ್ದು ನಮ್ಮ ‘ಸತಿ ಸುಲೋಚನಾ’. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿಯನ್ನೂ ಕೊಲ್ಲಾಪುರಕ್ಕೆ ಹೋಗಿ ತೆಗೆದರು ಅಲ್ವಾ? ಬೆಂಗಳೂರಿನಲ್ಲಿ ಆಗ ಮಾತಿನ ಸಿನಿಮಾ ತೆಗೆಯುವ ಸ್ಟುಡಿಯೋ ಇರಲಿಲ್ಲ. ಜರ್ಮನಿಯಲ್ಲಿ ದೊಡ್ಡ ದೊಡ್ಡ ಸ್ಟುಡಿಯೋಗಳಿದ್ದವು, ಆದರೆ ಧ್ವನಿ ಯಂತ್ರಗಳ ಪೇಟೆಂಟ್ ಜಗಳ ಜೋರಾಗಿತ್ತು. ಎಲ್‌ಸ್ಟ್ರೀಯಲ್ಲಿ ಯಂತ್ರ ಆಗಲೇ ಬಂದು ಕೂತಿತ್ತು. ನಿರ್ದೇಶಕ ಇ. ಎ. ಡುಪಾಂಟ್ ಜರ್ಮನಿಯವರೇ.

ಕಥೆ ಟೈಟಾನಿಕ್‌ನದೇ, ಹಡಗಿನ ಹೆಸರು ಮಾತ್ರ ಬೇರೆ. ನನ್ನ ಮನಸ್ಸು ಹಿಡಿದದ್ದು ಅದನ್ನು ತೆಗೆದ ರೀತಿ. ಆಗ ಡಬ್ಬಿಂಗ್ ಇನ್ನೂ ಕೈಗೆ ಹತ್ತಿರಲಿಲ್ಲ. ಅದೇ ವರ್ಷ ಅದೇ ಸ್ಟುಡಿಯೋದಲ್ಲಿ ನಿರ್ದೇಶಕ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ತೆಗೆಯುವಾಗ ನಾಯಕಿ ಆನಿ ಓಂಡ್ರಾ ಬರೀ ತುಟಿ ಆಡಿಸುತ್ತಿದ್ದರು, ಕ್ಯಾಮೆರಾದ ಆಚೆ ನಿಂತು ಜೋನ್ ಬ್ಯಾರಿ ಮಾತಾಡುತ್ತಿದ್ದರು. ಹಾಗಾಗಿ ಡುಪಾಂಟ್ ಒಂದೇ ಕಥೆಯನ್ನು ಇಂಗ್ಲಿಷ್ ನಟರಿಂದ ಒಂದು ಸಲ, ಜರ್ಮನ್ ನಟರಿಂದ ಇನ್ನೊಂದು ಸಲ ಮಾಡಿಸಿದರು. ಫ್ರೆಂಚ್ ಸಿನಿಮಾವೂ ಆಯಿತು. ಗಾಲಿ ಕುರ್ಚಿಯಲ್ಲಿ ಕೂತ ಲೇಖಕನ ಪಾತ್ರಕ್ಕೆ ಇಂಗ್ಲಿಷಿನಲ್ಲಿ ಫ್ರಾಂಕ್ಲಿನ್ ಡಯಲ್, ಜರ್ಮನ್‌ನಲ್ಲಿ ಫ್ರಿಟ್ಸ್ ಕೋರ್ಟ್ನರ್.

ಕಾರವಾರದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೀನು ಮಾರ್ಕೆಟಿನ ಅಕ್ಕ ಬಂಗಡೆ ರೇಟನ್ನು ನನಗೆ ಕನ್ನಡದಲ್ಲಿ ಹೇಳಿ, ಪಕ್ಕದವರ ಕಡೆ ತಿರುಗಿ ಕೊಂಕಣಿಯಲ್ಲಿ ಹೇಳುವಾಗ ದನಿ, ಕೈ ಬೀಸುವ ರೀತಿ, ಸಲುಗೆ ಎಲ್ಲ ಬದಲಾಗುತ್ತದೆ. ಬಂಗಡೆ ಅದೇ, ರೇಟೂ ಅದೇ. ಬರೀ ಮಾತನ್ನು ಕಿತ್ತು ಇನ್ನೊಂದು ಮಾತು ಅಂಟಿಸಿದರೆ ಅದೆಲ್ಲ ಬರುವುದಿಲ್ಲ. ಯಂತ್ರದ ಕೊರತೆಯಿಂದ ಹಾಗೆ ಮಾಡಿದ್ದು ಹೌದು, ಆದರೂ ಜರ್ಮನ್ ಪ್ರೇಕ್ಷಕರಿಗೆ ತಮ್ಮದೇ ನಟರು, ತಮ್ಮದೇ ಉಸಿರು ಸಿಕ್ಕಿತು. 1929ರ ಅಕ್ಟೋಬರ್ 28ರಂದು ಬರ್ಲಿನ್‌ನಲ್ಲಿ ಅದನ್ನು ಮೊದಲು ಕೇಳಿದವರಿಗೆ ಹೇಗನಿಸಿರಬಹುದು ಅಂತ ನಾನು ಸುಮಾರು ಹೊತ್ತು ಯೋಚಿಸಿದೆ.

ಸಿನಿಮಾ ನಿಧಾನ, ಒಪ್ಪುತ್ತೇನೆ. ಮಾತಿಗೂ ಮಾತಿಗೂ ನಡುವೆ ಜಾಸ್ತಿ ಮೌನ. ಹೊಸ ಮೈಕಿನ ಮುಂದೆ ಎಲ್ಲರೂ ಅಕ್ಷರ ಬಿಡಿಸಿಟ್ಟ ಹಾಗೆ ಮಾತಾಡುತ್ತಾರೆ. ಆದರೆ ವಿಲ್ಲಿ ಫೋರ್ಸ್ಟ್ ಮಾಡಿದ ಪೋಲ್ಡಿ ಅನ್ನೋ ವಿಯೆನ್ನಾ ಹುಡುಗನಿಗಾಗಿ ಅಷ್ಟನ್ನೂ ಕೂತು ನೋಡಬಹುದು. ಹಡಗು ಮುಳುಗುತ್ತಿದೆ, ಅವನು ಪಿಯಾನೋ ಮುಂದೆ ಕೂತು ತನ್ನ ಊರಿನ ಹಾಡು ಹಾಡುತ್ತಾನೆ. ವೈನ್ ಇರುತ್ತದೆ, ನಾವು ಮಾತ್ರ ಇರುವುದಿಲ್ಲ ಅನ್ನುವ ಹಾಡು. ಅಲ್ಲಿ ಸಿನಿಮಾ ನಿಲ್ಲಿಸಿದೆ. ಹೊರಗೆ ತೆರೆ ಇನ್ನೂ ಹೊಡೆಯುತ್ತಲೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು, ಆ ಹಾಡನ್ನೇ ಮತ್ತೆ ಹಾಕಿ ಕೇಳಿದೆ.