ಲಾಂಛನ ಬಿಡಿಸುವ ಮೊದಲು ಬಾಯಲ್ಲಿ ಹೇಳಿ

ಬೆಳಗಾವಿಯಲ್ಲಿ ನನ್ನದು ಡಿಸೈನ್ ಕೆಲಸ. ಲೆಟರ್‌ಹೆಡ್, ರಬ್ಬರ್ ಸ್ಟ್ಯಾಂಪ್, ಬೋರ್ಡ್, ಸ್ವಾಗತ ಕಮಾನು, ಎಲ್ಲ ಮಾಡುತ್ತೇವೆ. ಈಚೆಗೆ ಬಾಗಲಕೋಟೆ ಜಿಲ್ಲೆಯ ಸಣ್ಣ ಪಟ್ಟಣ ಪಂಚಾಯಿತಿಯೊಂದರವರು ಊರಿಗೆ ಲಾಂಛನ ಬೇಕೆಂದು ಬಂದರು. ಗುಡಿ ಗೋಪುರ, ಹೊಳೆ, ಕಬ್ಬು, ಮಗ್ಗ, ಪುಸ್ತಕ, ಸೂರ್ಯ, ಎಲ್ಲವೂ ಬೇಕಂತೆ. "ಏನೂ ಬಿಡಬ್ಯಾಡ್ರಿ ಸರ. ಒಬ್ರದು ಹಾಕಿ ಒಬ್ರದು ಬಿಟ್ರ ಜಗಳ ಆಗ್ತದ" ಅಂದರು. ಅವರ ಕಷ್ಟ ನಿಜವೇ.

ಅಷ್ಟನ್ನೂ ಸೇರಿಸಿ, ಸ್ಟ್ಯಾಂಪಿನ ಮೂರು ಸೆಂಟಿಮೀಟರ್ ಅಳತೆಗೆ ಇಳಿಸಿ, ಅವರ ಮುಂದೆಯೇ ಕಾಗದದ ಮೇಲೆ ಒತ್ತಿದೆ. ಮಗ್ಗದ ಎಳೆಗಳೆಲ್ಲ ಮಸಿ ಕುಡಿದು ಒಂದಾದವು. ಕಬ್ಬು ಯಾವುದು, ಗೋಪುರ ಯಾವುದು ತಿಳಿಯಲಿಲ್ಲ. ಊರಿನ ಗುರುತನ್ನು ಜನ ಜಾಸ್ತಿ ನೋಡುವುದು ತೆರಿಗೆ ರಸೀದಿ, ಉತಾರದ (ಆಸ್ತಿ ದಾಖಲೆ) ಮೇಲೆಯೇ ಅಲ್ವಾ?

ಗುರುತು ಸರಳವಾಗಿರಬೇಕು ಎಂಬುದು ನಮ್ಮ ಭಾಗದ ಹಳೇ ಅರಸರಿಗೆ ಚೆನ್ನಾಗಿ ಗೊತ್ತಿತ್ತು. ಬಾದಾಮಿ ಚಾಲುಕ್ಯರದು ವರಾಹ. ಸವದತ್ತಿಯ ರಟ್ಟರದು ಆನೆ. ಬಾಗಲಕೋಟೆ ಭಾಗ ಆಳಿದ ಸಿಂದರದು ಹುಲಿ. ಒಬ್ಬೊಬ್ಬರಿಗೆ ಒಂದೇ ಪ್ರಾಣಿ. ಶಾಸನದಲ್ಲಿ ಬಿರುದುಗಳ ಜೊತೆ 'ಸಿಂಧುರ ಲಾಂಛನ' (ಸಿಂಧುರ ಅಂದರೆ ಆನೆ), 'ವ್ಯಾಘ್ರ ಲಾಂಛನ' ಎಂದು ಎರಡೇ ಪದ ಬರುತ್ತದೆ. ಚಿತ್ರ ನೋಡದವನಿಗೂ ತಿಳಿಯುತ್ತದೆ. ವರಾಹವಂತೂ ನಾಣ್ಯದ ಮೇಲೇರಿ, ಕೊನೆಗೆ ನಾಣ್ಯದ ಹೆಸರೇ ಆಯಿತು.

ಯುರೋಪಿನ ಊರುಗಳ ಲಾಂಛನಕ್ಕೂ ಮಾತೇ ಆಧಾರ. ಗುರಾಣಿ ಆಕಾರದ ಆ ಲಾಂಛನದ ಮೇಲೆ ಏನಿದೆ ಎಂಬುದನ್ನು ಬರೆದಿಡುತ್ತಾರೆ. ಆ ಬರಹವನ್ನು ಮೀರದೆ ಕಲಾವಿದ ತನ್ನ ಶೈಲಿಯಲ್ಲಿ ಬಿಡಿಸಬಹುದು. ಹೊಳೆ ಇದ್ದರೆ ನೀಲಿ-ಬಿಳಿ ಅಲೆಪಟ್ಟಿ ಸಾಕು. ಬಣ್ಣಕ್ಕೂ ಕಟ್ಟುಪಾಡಿದೆ. ಹಳದಿ, ಬಿಳಿ ಒಂದು ಗುಂಪು. ಕೆಂಪು, ನೀಲಿ, ಹಸಿರು, ಕಪ್ಪು ಇನ್ನೊಂದು. ಒಂದೇ ಗುಂಪಿನದನ್ನು ಒಂದರ ಮೇಲೊಂದು ಹಾಕುವುದಿಲ್ಲ, ದೂರದಿಂದ ಎದ್ದು ಕಾಣಬೇಕಲ್ಲ. ಬಣ್ಣವಿಲ್ಲದ ಅಚ್ಚಿಗೆ 17ನೇ ಶತಮಾನದಲ್ಲಿ ಒಂದು ಉಪಾಯವೂ ಬಂತು: ಚುಕ್ಕಿ ಇದ್ದರೆ ಚಿನ್ನದ ಹಳದಿ, ನಿಂತ ಗೆರೆ ಕೆಂಪು, ಅಡ್ಡ ಗೆರೆ ನೀಲಿ. ಸ್ಟ್ಯಾಂಪ್ ಮಾಡುವ ನನಗೆ ಇದನ್ನು ಎಷ್ಟು ಸಲ ನೋಡಿದರೂ ಖುಷಿ.

ಹಾಗಾಗಿ ಸದಸ್ಯರನ್ನು ಕೇಳಿದ್ದು ಇಷ್ಟೇ: "ನಿಮ್ಮೂರ ಗುರುತನ್ನ ಫೋನಿನ್ಯಾಗ ಹೇಳೋ ಹಂಗ ಒಂದ ಮಾತಿನ್ಯಾಗ ಹೇಳ್ರಿ." ಚರ್ಚೆ ಜೋರಾಯಿತು. ಕೊನೆಗೆ ಹಿರಿಯ ಸದಸ್ಯೆಯೊಬ್ಬರು "ಹೊಳಿ ಮ್ಯಾಲ ಲಾಳಿ" ಅಂದರು. ಲಾಳಿ ಅಂದರೆ ಮಗ್ಗದಲ್ಲಿ ಅತ್ತಿತ್ತ ನೂಲು ಒಯ್ಯುವ ಸಾಧನ. ನೇಕಾರರು ಒಪ್ಪಿದರು. ಹೊಳೆ ನೀರಿಲ್ಲದೆ ಕಬ್ಬಿಲ್ಲ, ಹಾಗಾಗಿ ರೈತರೂ ಒಪ್ಪಿದರು. ಗುಡಿ ಬೇಕೇ ಬೇಕು ಅಂದವರಿಗೆ ಸ್ವಾಗತ ಕಮಾನಿನಲ್ಲಿ ಜಾಗ ಸಿಕ್ಕಿತು. ಎರಡು ಅಲೆ, ಮೇಲೊಂದು ಲಾಳಿ. ಎರಡೂ ತುದಿ ಚೂಪಾದ ಲಾಳಿ ಅಲೆಯ ಮೇಲೆ ದೋಣಿಯ ಹಾಗೇ ಕೂತಿತು. ಸ್ಟ್ಯಾಂಪ್ ಒತ್ತಿದರೆ ಲಾಳಿಯ ನಡುವಿನ ಕಂಡಿಕೆ (ನೂಲು ಸುತ್ತಿದ ಕಡ್ಡಿ) ಕೂಡ ಸ್ಪಷ್ಟ.

ಠರಾವಿನಲ್ಲಿ ಮೊದಲು ಆ ಸಾಲನ್ನೇ ಬರೆಸಿದೆವು. ಚಿತ್ರ ಆಮೇಲೆ ಲಗತ್ತಾಯಿತು. ಈಗ ಸಂಘದವರು ಬರಲಿ, ಶಾಲೆಯವರು ಬರಲಿ, ಕಂಪ್ಯೂಟರ್ ಮುಂದೆ ಕೂರುವ ಮೊದಲು ಅಂಥದೊಂದು ಸಾಲು ಬರೆಸಿಕೊಳ್ಳುತ್ತೇನೆ. ನಾಳೆ ನನ್ನ ಫೈಲ್ ಕಳೆದುಹೋದರೂ, ಬೇರೆ ಡಿಸೈನರ್ ಅದನ್ನು ಓದಿ ಲಾಂಛನವನ್ನು ಮತ್ತೆ ಬಿಡಿಸಬಹುದು.