ಗಸಗಸೆ ಅಂದುಕೊಂಡು ಪಾಯಸ ಮಾಡಿದ ದಂಟಿನ ಬೀಜ

ಹೋದ ಆಷಾಢದಲ್ಲಿ ನಮ್ಮತ್ತೆ ಗಸಗಸೆ ಪಾಯಸ ಮಾಡಿದರು. ಕಾಯಿ ತುರಿ, ಏಲಕ್ಕಿ, ಮಂಡ್ಯದ ಬೆಲ್ಲ, ಎಲ್ಲ ಸರಿಯಾಗಿಯೇ ಇತ್ತು. ಆದರೆ ಪಾಯಸ ಮಾತ್ರ ಒಲೆ ಮೇಲೆ ಗಟ್ಟಿಯಾಗುತ್ತಾ ಹೋಯಿತು, ಹಾಲು ಸುರಿದಷ್ಟೂ ಕುಡಿಯಿತು, ಕೊನೆಗೆ ಲೋಟದಿಂದ ಕುಡಿಯೋದು ಬಿಟ್ಟು ಚಮಚ ಹಾಕಿ ತಿಂದೆವು. ಮಧ್ಯಾಹ್ನ ಯಾರಿಗೂ ನಿದ್ದೆ ಬರಲಿಲ್ಲ. ಗಸಗಸೆ ಪಾಯಸ ಕುಡಿದು ನಿದ್ದೆ ಬರಲಿಲ್ಲ ಅಂದ್ರೆ ಅನುಮಾನ ಬರಲೇಬೇಕು ಅಲ್ವಾ? ಸಂಜೆ ಡಬ್ಬಿ ತೆಗೆದು ನೋಡಿದೆ. ಗಸಗಸೆ ಹಾಗೇ ಇತ್ತು. ಖಾಲಿಯಾಗಿದ್ದು ನಾನು ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ಕೊಂಡು ತಂದಿದ್ದ ರಾಜಗಿರಿ.

"ಏನದು ರಾಜಗಿರಿ?" ಅಂದರು ಅತ್ತೆ.

"ದಂಟಿನ ಬೀಜ."

"ದಂಟಿನ ಬೀಜಕ್ಕೆ ದುಡ್ಡು ಕೊಟ್ಟು ಬಂದ್ಯಾ?"

ಅವರ ಮಾತಿನಲ್ಲೂ ನ್ಯಾಯ ಇದೆ. ಮಂಡ್ಯದ ನಮ್ಮ ಮನೆ ಹಿತ್ತಲಲ್ಲಿ ದಂಟು ತಾನಾಗಿಯೇ ಹುಟ್ಟುತ್ತದೆ. ಎಳೆಯದಿದ್ದಾಗ ಸೊಪ್ಪು ಬಸ್ಸಾರಿಗೆ, ಬಲಿತರೆ ದಂಟು ಹುಳಿಗೆ, ತೆನೆ ಬಂದರೆ ಕಿತ್ತು ತಿಪ್ಪೆಗೆ. ಮುಂದಿನ ಸಲಕ್ಕೆ ಅಂತ ಒಂದು ಹಿಡಿ ಬೀಜ ಬಟ್ಟೆಯಲ್ಲಿ ಕಟ್ಟಿಡುತ್ತಾರೆ, ಅಷ್ಟೇ. ಬೀಜವನ್ನೂ ತಿನ್ನಬಹುದು ಅನ್ನೋದು ನಮ್ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ನಾನು ಅದನ್ನು ತಂದಿದ್ದಕ್ಕೆ ಕಾರಣ ಇತ್ತು. ಆ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.2 ಬಂದಿತ್ತು. ಹೆಂಗಸರಿಗೆ 12 ಇರಬೇಕು. ಡಾಕ್ಟ್ರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಆಫೀಸಿನ ಗೆಳತಿ ಮಾತ್ರ, ಮಾತ್ರೆ ಯಾಕೆ, ರಾಜಗಿರಿ ತಿನ್ನು, ರಾಗಿಗಿಂತ ಎಷ್ಟೋ ಮೇಲು ಅಂತ ದಿನಾ ರೈಲಿನಲ್ಲಿ ಮಂಡ್ಯದಿಂದ ಮೈಸೂರು ತನಕ ತಲೆ ತಿಂದಳು. ರಾಗಿಗಿಂತ ಮೇಲು ಅಂದಾಗ ಮಂಡ್ಯದವಳಿಗೆ ಸ್ವಲ್ಪ ಚುರ್ ಅನ್ನುತ್ತದೆ. ಹೋಗಲಿ, ಲೆಕ್ಕ ಹಾಕಿಯೇ ನೋಡೋಣ ಅಂತ ಕೂತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪಟ್ಟಿ ಹೊರತಂದಿದೆ, ಯಾವುದರಲ್ಲಿ ಏನೆಷ್ಟಿದೆ ಅಂತ. ಅದರ ಪ್ರಕಾರ 100 ಗ್ರಾಂ ಬಿಳಿ ರಾಜಗಿರಿಯಲ್ಲಿ ಪ್ರೋಟೀನ್ ಸುಮಾರು 13 ಗ್ರಾಂ, ರಾಗಿಯಲ್ಲಿ 7, ಅಕ್ಕಿಯಲ್ಲಿ 8ರ ಹತ್ತಿರ. ಕಬ್ಬಿಣ ರಾಜಗಿರಿಯಲ್ಲಿ 8 ಮಿಲಿಗ್ರಾಂ, ರಾಗಿಯಲ್ಲಿ ನಾಲ್ಕೂವರೆ, ಪಾಲಿಶ್ ಅಕ್ಕಿಯಲ್ಲಿ ಒಂದೂ ಇಲ್ಲ. ಇಲ್ಲಿಯವರೆಗೆ ಗೆಳತಿ ಗೆದ್ದಳು. ಆದರೆ ಕ್ಯಾಲ್ಸಿಯಂ ಬಂದ ಕೂಡಲೇ ಲೆಕ್ಕ ತಿರುಗಿತು. ರಾಜಗಿರಿಯಲ್ಲಿ 160 ಮಿಲಿಗ್ರಾಂ ಆಸುಪಾಸು, ರಾಗಿಯಲ್ಲಿ 360ಕ್ಕೂ ಜಾಸ್ತಿ. ಎರಡು ಪಟ್ಟಿಗಿಂತ ಹೆಚ್ಚು! ಮರುದಿನ ರೈಲಿನಲ್ಲಿ ನಾನು ಮಾತಾಡಿದೆ, ಅವಳು ಕೇಳಿಸಿಕೊಂಡಳು.

ಪ್ರೋಟೀನಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ರಾಜಗಿರಿಯ ನಿಜವಾದ ಹೆಚ್ಚುಗಾರಿಕೆ ಇರೋದು ಅಲ್ಲೇ. ಪ್ರೋಟೀನ್ ಅಂದರೆ ಒಂದೇ ವಸ್ತು ಅಲ್ಲ, ಹಲವು ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅದರಲ್ಲಿ ಲೈಸೀನ್ ಅನ್ನೋದು ಅಕ್ಕಿ, ಗೋಧಿ, ರಾಗಿ ಎಲ್ಲದರಲ್ಲೂ ಕಡಿಮೆ. ರಾಜಗಿರಿಯಲ್ಲಿ ಅದು ಚೆನ್ನಾಗಿದೆ. ಅದು ಹುಲ್ಲಿನ ಜಾತಿಯ ಧಾನ್ಯವೇ ಅಲ್ಲ, ಸೊಪ್ಪಿನ ಗಿಡದ ಬೀಜ. ಅದಕ್ಕೇ ಉತ್ತರದ ಕಡೆಯವರು ಉಪವಾಸದ ದಿನವೂ ಇದನ್ನು ತಿನ್ನುತ್ತಾರೆ, ಧಾನ್ಯ ಮುಟ್ಟಿದ ಲೆಕ್ಕಕ್ಕೆ ಬರೋದಿಲ್ಲ. ಗೋಧಿಯಲ್ಲಿರುವ ಗ್ಲುಟನ್ ಅನ್ನೋ ಅಂಟು ಪ್ರೋಟೀನ್ ಕೂಡ ಇಲ್ಲ. ಆದರೆ ಲೈಸೀನ್ ಬೇಳೆಕಾಳಿನಲ್ಲೂ ಜಾಸ್ತಿ ಇದೆ. ಅಂದರೆ ಮುದ್ದೆ ಜೊತೆ ಹುರುಳಿಕಾಳು ಸಾರು, ಅವರೆಕಾಳು ಸಾರು ಉಂಡವರಿಗೆ ಆ ಕೊರತೆ ತಟ್ಟೆಯಲ್ಲೇ ತುಂಬಿಹೋಗಿರುತ್ತದೆ. ನಮ್ಮಜ್ಜಿಯರಿಗೆ ಲೈಸೀನ್ ಗೊತ್ತಿರಲಿಲ್ಲ, ಕಾಳು ಸಾರು ಗೊತ್ತಿತ್ತು.

ಇನ್ನು ಕಬ್ಬಿಣ. 8 ಮಿಲಿಗ್ರಾಂ ಅಂತ ಕೇಳಿದಾಗ ನನಗೂ ಖುಷಿಯಾಗಿತ್ತು. ಆದರೆ ದಿನಕ್ಕೆ 100 ಗ್ರಾಂ ರಾಜಗಿರಿ ಯಾರು ತಿನ್ನುತ್ತಾರೆ? ನಾನು ತಿಂದಿದ್ದು ಹೆಚ್ಚೆಂದರೆ 30 ಗ್ರಾಂ. ಅಲ್ಲಿಗೆ ಎರಡೂವರೆ ಮಿಲಿಗ್ರಾಂ ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಅಂಗಡಿಯಲ್ಲಿ ಸಿಗುವ ಹಗುರ ರಾಜಗಿರಿ ಲಡ್ಡು ಒಂದನ್ನು ತಿಂದು ರಕ್ತ ಏರುತ್ತದೆ ಅಂದುಕೊಳ್ಳೋದು ಸುಮ್ನೆ ಸಮಾಧಾನ. ಅದೂ ಸಾಲದು ಅಂತ, ಗಿಡದಿಂದ ಬರುವ ಕಬ್ಬಿಣ ಪೂರ್ತಿ ಮೈಗೆ ಹತ್ತೋದಿಲ್ಲ. ಬೀಜದಲ್ಲಿರುವ ಫೈಟೇಟ್ ಅನ್ನೋ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಫಿ, ಟೀ ಕೂಡ ಅಡ್ಡ ಬರುತ್ತವೆ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಇವುಗಳ ಸಿ ವಿಟಮಿನ್ ಇದ್ದರೆ ಜಾಸ್ತಿ ಹತ್ತುತ್ತದೆ. ಇದನ್ನು ಓದುವಾಗ ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಊಟ ಆದ ಐದು ನಿಮಿಷಕ್ಕೆ ಕಾಫಿ ಬೇಕೇ ಬೇಕು ಅನ್ನೋದು ಮದುವೆಯಾದಾಗಿನಿಂದ ಅಂಟಿದ ಚಟ, ಅದನ್ನು ಈಗ ಒಂದೂವರೆ ಗಂಟೆ ಮುಂದೆ ತಳ್ಳಿದ್ದೇನೆ, ಮೊದಲ ವಾರ ಮನೆಯಲ್ಲಿ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ.

ಮಾತ್ರೆ ನಿಲ್ಲಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೂರು ತಿಂಗಳಿಗೆ 11.6 ಬಂತು. ಗೆಳತಿ ರಾಜಗಿರಿ ಅಂದಳು. ನಾನು ಮಾತ್ರೆಗೇ ಮಾರ್ಕು ಕೊಡುತ್ತೇನೆ.

ಅಂದಹಾಗೆ ಹಿತ್ತಲ ದಂಟಿನ ಸೊಪ್ಪನ್ನು ಮರೆಯಬೇಡಿ. ಸೊಪ್ಪಿನಲ್ಲಿ ಕ್ಯಾಲ್ಸಿಯಂ 100 ಗ್ರಾಂಗೆ 330 ಮಿಲಿಗ್ರಾಂ ಹತ್ತಿರ ಇದೆ, ಬೀಜದ ಎರಡರಷ್ಟು. ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಅನ್ನೋ ಅಂಶ ಇರುವುದರಿಂದ ಅಷ್ಟೂ ಮೈಗೆ ಹತ್ತೋದಿಲ್ಲ, ಆದರೂ ಒಂದು ಕಟ್ಟಿನ ಬೆಲೆ ನೋಡಿ, ನಾನು ತಂದ ಪೊಟ್ಟಣದ ಬೆಲೆ ನೋಡಿ. ಇಲ್ಲಿ ಅತ್ತೆಯೇ ಸರಿ.

ಹಿತ್ತಲಿನ ಬೀಜವನ್ನೂ ಒಮ್ಮೆ ಹುರಿದು ನೋಡಿದೆವು. ಅದು ಕಪ್ಪಗೆ, ಮಿರಿಮಿರಿ ಮಿಂಚುತ್ತದೆ. ಅರಳಲಿಲ್ಲ, ಹಲ್ಲಿಗೆ ಮರಳು ಸಿಕ್ಕ ಹಾಗಾಯಿತು. ಕಾಳಿಗೆ ಅಂತಲೇ ಬೆಳೆಯುವ ದಂಟು ಬೇರೆ, ಅದರ ಬೀಜ ಬಿಳಿ ಹಳದಿ ಬಣ್ಣ, ತೆನೆ ದೊಡ್ಡದು. ಆ ಜಾತಿಗಳ ಮೂಲ ಅಮೆರಿಕ ಖಂಡ. ಮೆಕ್ಸಿಕೋದಲ್ಲಿ ಅಜ್ಟೆಕ್ ಜನರಿಗೆ ಇದು ಮೆಕ್ಕೆಜೋಳದ ಜೊತೆಗೆ ಮುಖ್ಯ ಆಹಾರವಾಗಿತ್ತು. ಅಲ್ಲಿ ಇವತ್ತಿಗೂ ಅರಳಿಸಿದ ಕಾಳಿಗೆ ಪಾಕ ಹಾಕಿ ಚಿಕ್ಕಿ ಥರ ಕಟ್ಟುತ್ತಾರೆ. ಹೆಸರು ಅಲೆಗ್ರಿಯಾ, ಅಂದರೆ ಸಂತೋಷ.

ಅರಳಿಸೋದು ಕಲಿಯೋಕೆ ನನಗೆ ಮೂರು ಬಾಣಲೆ ಸುಟ್ಟ ವಾಸನೆ ಬೇಕಾಯಿತು. ಎಣ್ಣೆ ಬೇಡ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಬೇಕು, ಒಂದು ಕಾಳು ಹಾಕಿದರೆ ತಕ್ಷಣ ಚಟ್ ಅಂದು ಅರಳಬೇಕು. ಆಮೇಲೆ ಒಂದೇ ಒಂದು ಚಮಚ ಹಾಕಿ, ಮುಚ್ಚಳ ಹಿಡಿದು ಅಲ್ಲಾಡಿಸಿ, ಹತ್ತು ಹದಿನೈದು ಸೆಕೆಂಡಿಗೆ ಬಟ್ಟಲಿಗೆ ಸುರಿಯಿರಿ. ದುರಾಸೆಗೆ ಎರಡು ಚಮಚ ಹಾಕಿದರೆ ಅರ್ಧ ಸೀದು ಅರ್ಧ ಹಸಿ. ತೊಳೆಯೋದಿದ್ದರೆ ತೆಳು ಬಟ್ಟೆಯಲ್ಲಿ ತೊಳೆಯಿರಿ. ಸಾವಿರ ಕಾಳು ಸೇರಿದರೂ ಒಂದು ಗ್ರಾಂ ತೂಗೋದಿಲ್ಲ, ಜರಡಿಯ ಕಣ್ಣಲ್ಲಿ ನೀರಿನ ಜೊತೆ ಹೋಗಿಬಿಡುತ್ತದೆ. ಅನ್ನದ ಹಾಗೆ ಉದುರಾಗಿ ಬೇಯಿಸುವ ಆಸೆ ಬಿಟ್ಟುಬಿಡಿ, ಅದು ಅಂಟು ಗಂಜಿಯೇ ಆಗೋದು, ಪಾಯಸದ ಕತೆ ಹೇಳಿದೆನಲ್ಲ. ರಾಗಿ ಹಿಟ್ಟು ಮೂರು ಪಾಲಿಗೆ ಇದರ ಹಿಟ್ಟು ಒಂದು ಪಾಲು ಹಾಕಿ ರೊಟ್ಟಿ ತಟ್ಟಿದರೆ ಚೆನ್ನಾಗಿರುತ್ತದೆ. ಮುದ್ದೆಗೆ ಹಾಕಬೇಡಿ. ನಮ್ಮ ಮಾವ ಒಂದು ತುತ್ತು ನುಂಗಿ ನನ್ನ ಮುಖ ನೋಡಿದರು.

ಮಾವನಿಗೆ ಸಕ್ಕರೆ ಕಾಯಿಲೆ ಇದೆ. ಅರಳಿಸಿದ ರಾಜಗಿರಿ ಬೇಗ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆ ಬೇಗ ಏರಿಸುತ್ತದೆ. ಆರೋಗ್ಯದ ಲಡ್ಡು ಅಂತ ಬರೆದಿದ್ದರೂ, ಅದೂ ಬೆಲ್ಲ ಬೇರೆ ಸೇರಿಕೊಂಡು, ಅವರಿಗೆ ಆಗಿಬರೋದಿಲ್ಲ. ಡಬ್ಬಿ ಎಲ್ಲಿದೆ ಅಂತ ಅವರಿಗೆ ಹೇಳಿಲ್ಲ, ಆದರೂ ಗೊತ್ತು ಅನ್ನಿಸುತ್ತದೆ.

ಈ ಶಿವರಾತ್ರಿಗೆ ಅತ್ತೆ ತಂಬಿಟ್ಟಿಗೆ ಹುರಿಗಡಲೆ, ಕೊಬ್ಬರಿ, ಎಳ್ಳಿನ ಜೊತೆ ಅರಳಿಸಿದ ರಾಜಗಿರಿ ಒಂದು ಬಟ್ಟಲು ತಾವೇ ಕೇಳಿ ಹಾಕಿಸಿಕೊಂಡರು. ಹಗುರವಾಗಿ, ಬಾಯಲ್ಲಿಟ್ಟರೆ ಪುಡಿಯಾಗುವ ಹಾಗೆ ಬಂದಿತ್ತು. ಪಕ್ಕದ ಮನೆಯವರು ಏನು ಹಾಕಿದ್ದೀರಿ ಅಂದಿದ್ದಕ್ಕೆ "ನಮ್ಮ ದಂಟಿನ ಬೀಜ" ಅಂದರು, ಪೊಟ್ಟಣದ ಸುದ್ದಿ ಎತ್ತಲಿಲ್ಲ. ಅಡುಗೆಮನೆಯಲ್ಲಿ ಎರಡು ಡಬ್ಬಿ ಇನ್ನೂ ಪಕ್ಕಪಕ್ಕದಲ್ಲೇ ಇವೆ. ಕನ್ನಡಕ ಇಲ್ಲದಾಗ ಅವರಿಗೆ ಚೀಟಿ ಕಾಣೋದಿಲ್ಲ ಅಂತ ರಾಜಗಿರಿ ಡಬ್ಬಿಗೆ ಕೆಂಪು ಮುಚ್ಚಳ ಹಾಕಿದ್ದೇನೆ.